ವಯಲ್, ಬಯಲು, ಬೈಲು

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲಿನ ದಾರಿಯಲ್ಲಿ ಉರಿಗಾಂ ಒಂದು ನಿಲ್ದಾಣ. ಕೋರಮಂಡಲ್, ಚಾಂಪಿಯನ್ ಎಂಬ ನಿಲ್ದಾಣಗಳೂ ಇದೇ ಸಾಲಿನವು. ಇವೆಲ್ಲ ಸೇರಿ ಆದ ಪಟ್ಟಣವನ್ನು ಎಲ್ಲರೂ ಕೆಜಿಎಫ್, ಅಂದರೆ ಕೋಲಾರ್ ಗೋಲ್ಡ್ ಫೀಲ್ಡ್ಸ್, ಎನ್ನುತ್ತೇವೆ. ಕನ್ನಡದ ಪಠ್ಯಪುಸ್ತಕ ಅದನ್ನು ಕೋಲಾರದ ಚಿನ್ನದ ಗಣಿ ಎನ್ನುತ್ತದೆ. ಆದರೆ ಅಲ್ಲಿ ವಾಸಿಸುವ ಹೆಚ್ಚಿನವರ ಮನೆಮಾತು ತಮಿಳು. ಆ ಮಾತಿನಲ್ಲಿ ಊರಿನ ಹೆಸರು ಕೋಲಾರ್ ತಂಗವಯಲ್. ತಂಗಂ ಎಂದರೆ ಚಿನ್ನ, ವಯಲ್ ಎಂದರೆ ಗದ್ದೆ. ನೀರು ಕಟ್ಟಿ ಭತ್ತ ಬೆಳೆಯುವ ಗದ್ದೆ.

ಮಳೆ ಕಡಿಮೆ ಬೀಳುವ, ಬಂಡೆ ಎದ್ದ ಕೋಲಾರದ ನೆಲಕ್ಕೆ ಗದ್ದೆಯ ಹೆಸರು ಹೇಗೆ ಬಂತು?

ವಯಲ್ ತಮಿಳಿನ ಬಹು ಹಳೆಯ ಪದ. ಸಂಗಂ ಕಾವ್ಯಗಳು ನೆಲವನ್ನು ಐದು ತಿಣೆಗಳಾಗಿ ವಿಂಗಡಿಸಿದಾಗ ಮರುದಂ ಎಂಬ ತಿಣೆಗೆ ಸೇರಿದ್ದು ಈ ವಯಲಿನ ನಾಡು. ಮಲಯಾಳದಲ್ಲೂ ವಯಲ್ ಎಂದರೆ ಗದ್ದೆಯೇ. ಕನ್ನಡದಲ್ಲಿ ಅದೇ ಪದ ಬಯಲು. ತಮಿಳು ಪದದ ಮೊದಲಿಗೆ 'ವ' ಇದ್ದರೆ ಕನ್ನಡದಲ್ಲಿ ಅಲ್ಲಿ 'ಬ' ಕೂರುವುದು ಹಳೆಯ ನಿಯಮ: ವಾಯ್ ನಮ್ಮಲ್ಲಿ ಬಾಯಿ, ವೇರ್ ಬೇರು, ವಿರಲ್ ಬೆರಳು, ವಳೈ ಬಳೆ, ವೇಲಿ ಬೇಲಿ, ವಿಲೈ ಬೆಲೆ. ಇವು ಯಾರೂ ಯಾರಿಂದಲೂ ಕಡ ತಂದ ಮಾತುಗಳಲ್ಲ. ಎರಡು ಮನೆಗೂ ಹಿರಿಯರಿಂದ ಬಂದ ಪಾಲು. ಕೋಲಾರದ ಹಳ್ಳಿಗಳಲ್ಲಿ ಕನ್ನಡದಷ್ಟೇ ಸಲೀಸಾಗಿ ಆಡುವ ತೆಲುಗಿಗೂ ಇದರಲ್ಲಿ ಪಾಲುಂಟು. ಅಲ್ಲಿ ಬಯಲು ಎಂದರೆ ಹೊರಗಿನ ತೆರೆದ ಜಾಗ, ಬಯಲುದೇರು ಎಂದರೆ ಮನೆ ಬಿಟ್ಟು ಹೊರಡು.

ಸದ್ದು ಬದಲಾದಂತೆ ಅರ್ಥವೂ ಬೇರೆ ಬೇರೆ ದಾರಿ ಹಿಡಿಯಿತು. ಕರಾವಳಿಯಲ್ಲಿ ಈಗಲೂ ಬೈಲು ಎಂದರೆ ಗದ್ದೆ. ತುಳುನಾಡಿನ ರೈತರು ನೀರಿನ ಲೆಕ್ಕದಲ್ಲಿ ಭೂಮಿಯನ್ನು ಬೆಟ್ಟು, ಮಜಲು, ಬೈಲು ಎಂದು ಮೂರು ಬಗೆ ಮಾಡುತ್ತಾರೆ. ಎಲ್ಲಕ್ಕಿಂತ ತಗ್ಗಿನದು, ನೀರು ಹೆಚ್ಚು ಹೊತ್ತು ನಿಲ್ಲುವುದು ಬೈಲು. ತಂಜಾವೂರಿನ ರೈತ ಮತ್ತು ಉಡುಪಿಯ ರೈತ ಈ ಒಂದು ಪದದ ಮಟ್ಟಿಗೆ ಒಂದೇ ಅರ್ಥ ಹಿಡಿದು ಮಾತಾಡುತ್ತಾರೆ. ಘಟ್ಟ ಹತ್ತಿ ಮೂಡಲಿಗೆ ಬಂದರೆ ಪದದೊಳಗಿನ ನೀರು ಇಂಗಿಹೋಗಿದೆ. ಬಯಲುಸೀಮೆ ಎಂದರೆ ಮಲೆನಾಡಲ್ಲದ್ದು, ಕಾಡಿಲ್ಲದ್ದು, ಮಳೆಗೆ ಮುಗಿಲು ನೋಡುವ ನಾಡು. ಕೋಲಾರ ಆ ಸೀಮೆಯ ಮೂಡಣ ಅಂಚು. ಊರ ಹೊರಗೆ ಆಡಿದರೆ ಬಯಲಾಟ, ಗುಟ್ಟು ಹೊರಬಿದ್ದರೆ ಬಯಲಾಯಿತು. ಹನ್ನೆರಡನೆಯ ಶತಮಾನದ ಶರಣರು, ಅವರಲ್ಲೂ ಅಲ್ಲಮಪ್ರಭು, ಇದೇ ಪದವನ್ನು ಎತ್ತಿಕೊಂಡು ರೂಪವಿಲ್ಲದ, ಎಲ್ಲೆಯಿಲ್ಲದ ಪರವಸ್ತುವಿಗೆ ಹೆಸರಾಗಿಸಿದರು. ಭತ್ತದ ಗದ್ದೆಯಿಂದ ಹೊರಟ ಮಾತು ಶೂನ್ಯದವರೆಗೆ ಹೋದ ಈ ನಡೆಯನ್ನು ನಾನು ಕನ್ನಡದ ದೊಡ್ಡ ಸಾಧನೆಗಳಲ್ಲಿ ಒಂದೆಂದು ಎಣಿಸುತ್ತೇನೆ.

ಈ ಪದಕ್ಕೂ ಚಿನ್ನಕ್ಕೂ ಗಂಟು ಬಿದ್ದದ್ದು ಕೋಲಾರದಲ್ಲೇ ಮೊದಲಲ್ಲ. ಇಂದಿನ ವಯನಾಡು ಹೊಯ್ಸಳರ ಶಾಸನಗಳಲ್ಲಿ ಬಯಲ್ನಾಡು. ವಿಷ್ಣುವರ್ಧನ ಗೆದ್ದ ನಾಡುಗಳ ಪಟ್ಟಿಯಲ್ಲಿ ಅದರ ಹೆಸರಿದೆ. ವಯಲ್‌ಗಳ ನಾಡು, ಕಣಿವೆಯ ಗದ್ದೆಗಳ ನಾಡು. 1879ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾದಿಂದ ಬ್ರೌ ಸ್ಮಿತ್ ಎಂಬ ಗಣಿ ಪರಿಣತನನ್ನು ಕರೆಸಿ ಅಲ್ಲಿ ಚಿನ್ನ ಹುಡುಕಿಸಿದರು. ಅವನ ವರದಿ ಓದಿ ಲಂಡನ್ನಿನಲ್ಲಿ ಹತ್ತಾರು ಕಂಪನಿಗಳು ಎದ್ದವು. ದೇವಾಲ, ಪಂದಲೂರುಗಳ ಕಾಡಿನಲ್ಲಿ ಯಂತ್ರ ಇಳಿಸಿದರು. ಕೆಲವೇ ವರ್ಷಗಳಲ್ಲಿ ಎಲ್ಲ ಮುಳುಗಿತು. ಬಯಲ್ನಾಡಿನಲ್ಲಿ ಕೈಸುಟ್ಟುಕೊಂಡ ಅದೇ ಕಾಲದಲ್ಲಿ ಲಂಡನ್ನಿನ ಹಣ ಕೋಲಾರದ ಕಡೆಗೂ ಹರಿದಿತ್ತು.

ಕೋಲಾರದ ಕಥೆ ಅದಕ್ಕಿಂತ ಹಳೆಯದು. ಟಿಪ್ಪು ಮಡಿದ ಮೇಲೆ ಮೈಸೂರಿನ ಮೂಡಣ ಗಡಿ ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರೆನ್ 1802ರಲ್ಲಿ ಉರಿಗಾಂ, ಮಾರಿಕುಪ್ಪಂ ಹಳ್ಳಿಗಳವರು ಮಣ್ಣು ತೊಳೆದು ಚಿನ್ನದ ಕಣ ತೆಗೆಯುವುದನ್ನು ಕಂಡು ಬರೆದಿಟ್ಟ. ಆ ಬರಹ ಓದಿದ ಐರಿಷ್ ಸೈನಿಕ ಮೈಕೆಲ್ ಲವೆಲ್, ನ್ಯೂಜಿಲೆಂಡಿನಲ್ಲಿ ಯುದ್ಧ ಮುಗಿಸಿ ಬೆಂಗಳೂರಿಗೆ ಬಂದು ನೆಲೆಸಿದ್ದವನು, 1875ರಲ್ಲಿ ಕೋಲಾರದಲ್ಲಿ ಗಣಿ ತೋಡುವ ಹಕ್ಕು ಪಡೆದ. ಬೆಂಗಳೂರಿನ ಲವೆಲ್ ರಸ್ತೆ ಅವನ ಹೆಸರಿನದೇ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಾಲಿಟ್ಟಿತು. 'ಗೋಲ್ಡ್ ಫೀಲ್ಡ್' ಎಂಬ ಮಾತು ಆಸ್ಟ್ರೇಲಿಯಾ, ನ್ಯೂಜಿಲೆಂಡುಗಳಲ್ಲಿ ಚಿನ್ನಕ್ಕೆ ಜನ ಮುಗಿಬಿದ್ದ ಕಾಲದಲ್ಲಿ ರೂಢಿಗೆ ಬಂದದ್ದು. ಮಂದಿಯ ಜೊತೆಗೆ ಮಾತೂ ಇಲ್ಲಿಗೆ ಬಂತು.

ಉರಿಗಾಂ ಎಂಬ ಹೆಸರಿಗೆ ಇನ್ನೊಂದು ವಿಚಿತ್ರ ಬಾಳಿದೆ. ಊರೆಗಂ ಗೋಲ್ಡ್ ಮೈನಿಂಗ್ ಕಂಪನಿಯ ಒಂದು ಪೌಂಡಿನ ಷೇರು ಒಂದು ಕಾಲದಲ್ಲಿ ಎರಡೂವರೆ ಶಿಲಿಂಗಿಗೆ ಇಳಿದಿತ್ತು. ಕಂಪನಿ ಹೊಸ ಷೇರು ಹೊರಡಿಸಿ, ಪೌಂಡಿಗೆ ಐದು ಶಿಲಿಂಗ್ ಕೊಟ್ಟರೆ ಸಾಕು, ಉಳಿದ ಹದಿನೈದು ಬಂದಂತೆ ಎಂದು ಬರೆದುಕೊಂಡಿತು. ರೋಪರ್ ಎಂಬ ಷೇರುದಾರ ನ್ಯಾಯಾಲಯಕ್ಕೆ ಹೋದ. ಮುಖಬೆಲೆಗಿಂತ ಕಡಿಮೆಗೆ ಷೇರು ಕೊಡುವಂತಿಲ್ಲ ಎಂದು 1892ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ತೀರ್ಪು ಕೊಟ್ಟಿತು. ಕಂಪನಿ ಕಾನೂನು ಓದುವ ವಿದ್ಯಾರ್ಥಿಗಳ ಪುಸ್ತಕದಲ್ಲಿ ನಮ್ಮ ಉರಿಗಾಂ ಇಂದಿಗೂ ಹೀಗೆ ಉಳಿದಿದೆ.

ಷೇರು ಕೊಂಡವರು ಲಂಡನ್ನಿನಲ್ಲಿದ್ದರು. ಸುರಂಗಕ್ಕೆ ಇಳಿದವರು ಉತ್ತರ ಆರ್ಕಾಟು, ಸೇಲಂ, ಚಿತ್ತೂರಿನ ಕಡೆಯಿಂದ ಬಂದರು. ಬಹುಪಾಲು ದಲಿತರು, ತುಂಡು ಭೂಮಿಯೂ ಇಲ್ಲದೆ ಬೇರೆಯವರ ವಯಲಿನಲ್ಲಿ ತಲೆಮಾರುಗಟ್ಟಲೆ ನಾಟಿ ಹಾಕಿ ಕೊಯ್ದವರು. ಕಂಪನಿ ಕೊಟ್ಟ ಬಿದಿರು ತಟ್ಟಿಯ ಲೈನುಮನೆಗಳಲ್ಲಿ ನೆಲೆಯಾದರು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಯಿತು. ಬಂಡೆ ಸಿಡಿದು ಸತ್ತವರು, ಕಲ್ಲಿನ ದೂಳು ಕುಡಿದು ಎದೆ ಕಟ್ಟಿ ಸತ್ತವರು ಅಸಂಖ್ಯ. ಅವರ ಮಾತಿನಲ್ಲಿ 'ಫೀಲ್ಡ್' ವಯಲ್ ಆಯಿತು. ಗಣಿಗೆ ತಮಿಳಿನಲ್ಲಿ ಸುರಂಗಂ ಎಂಬ ಪದವಿತ್ತು, ಅದನ್ನು ಹೇಳಬಹುದಿತ್ತು. ಹೊಟ್ಟೆಗೆ ಕೊಡುವ ನೆಲವನ್ನು ವಯಲ್ ಎಂದು ಕರೆದು ರೂಢಿಯಾದವರಿಗೆ ಈ ಕಗ್ಗಲ್ಲಿನ ನೆಲವೂ ವಯಲ್ ಆಗಿ ಕಂಡಿತೆಂದೇ ನಾನು ತಿಳಿಯುತ್ತೇನೆ. ಕನ್ನಡ 'ಫೀಲ್ಡ್' ಬಿಟ್ಟು ಗಣಿಯನ್ನು ಹಿಡಿಯಿತು. ಗಣಿ ಎಂದರೆ ತೋಡುವ ಜಾಗವಷ್ಟೇ, ವಯಲ್ ಎಂದರೆ ದುಡಿದು ಉಣ್ಣುವ ಜಾಗ.

ಬೌರಿಂಗ್‌ಪೇಟೆ ಬಂಗಾರಪೇಟೆಯಾದದ್ದೂ ಜನರ ಕಿವಿಯ ಕೆಲಸವೇ. ಮೈಸೂರಿನ ಚೀಫ್ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗನ ಹೆಸರಿನ ಪೇಟೆ ಬಂಗಾರಪೇಟೆ ಎನಿಸಿಕೊಂಡಿತು. ಅಲ್ಲಿಂದ ಗಣಿಗೆ ರೈಲು ಹೊರಟದ್ದು 1894ರಲ್ಲಿ.

ಹೀಗೆ ಗಣಿಯಲ್ಲಿ ದುಡಿಯಲು ಬಂದ ತಮಿಳರನ್ನು ಹೊರಗಿನವರು ಎನ್ನುವುದು ಸುಲಭ. ಆದರೆ ಗಣಿಗಿಂತ ಎಂಟುನೂರು ವರ್ಷ ಮೊದಲೇ ಕೋಲಾರ ಸೀಮೆಯಲ್ಲಿ ತಮಿಳು ಶಾಸನಗಳಿದ್ದವು. ಚೋಳರು ಈ ನಾಡನ್ನು ನಿಗರಿಲಿಚೋಳ ಮಂಡಲ ಎಂದು ಕರೆದರು. ಕೋಲಾರಮ್ಮನ ಗುಡಿಯ ಕಲ್ಲುಗಳ ಮೇಲೆ ಅವರ ತಮಿಳು ಬರಹವಿದೆ. ಬಿ.ಎಲ್. ರೈಸ್ 1905ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಕೋಲಾರ ಸಂಪುಟ ತೆರೆದರೆ ಕನ್ನಡ, ತಮಿಳು, ತೆಲುಗು ಮೂರೂ ಒಂದೇ ಜಿಲ್ಲೆಯ ಕಲ್ಲುಗಳ ಮೇಲೆ ಕಾಣುತ್ತವೆ. ಗಣಿಯ ತಮಿಳರು ಬರೀ ಕೂಲಿಗಳಾಗಿಯೂ ಉಳಿಯಲಿಲ್ಲ. ದಲಿತ ಚಿಂತಕ ಅಯೋತಿದಾಸ ಪಂಡಿತರ ಬೌದ್ಧ ಚಳವಳಿ ಮಾರಿಕುಪ್ಪಂನಲ್ಲಿ ಬೇರುಬಿಟ್ಟಿತು. ಅವರ 'ತಮಿಳನ್' ಪತ್ರಿಕೆ ಅವರು ತೀರಿಕೊಂಡ ಮೇಲೆ, 1920ರ ದಶಕದಲ್ಲಿ, ಜಿ. ಅಪ್ಪಾದುರೈಯವರ ಕೈಯಲ್ಲಿ ಕೆಜಿಎಫ್‌ನಿಂದಲೇ ಮತ್ತೆ ಹೊರಟಿತು. ಕರ್ನಾಟಕದ ನೆಲದಲ್ಲಿ ನಡೆದ ದಲಿತ ವಿಚಾರದ ಮೊದಲ ಅಧ್ಯಾಯಗಳಲ್ಲಿ ಇದೊಂದು. ತಮಿಳಿನಲ್ಲಿದೆ ಎಂಬ ಒಂದೇ ಕಾರಣಕ್ಕೆ ಕನ್ನಡಿಗರು ಅದನ್ನು ತಮ್ಮ ಚರಿತ್ರೆಯಲ್ಲಿ ಎಣಿಸುವುದೇ ಇಲ್ಲ. ಇದು ನಮಗೇ ನಷ್ಟ.

ಗಡಿಯ ಆಚೆ ಈಚೆ ಮಾತು ಚೆಲ್ಲಿಕೊಳ್ಳುವುದು ಎಲ್ಲ ದೇಶಗಳ ಕಥೆ. ತಾಳವಾಡಿಯಲ್ಲಿ, ಹೊಸೂರಿನ ಸೀಮೆಯಲ್ಲಿ, ಗೂಡಲೂರಿನಲ್ಲಿ ನಮ್ಮವರು ಕನ್ನಡ ಆಡುತ್ತಾ ತಮಿಳುನಾಡಿನ ಶಾಲೆಗಳಲ್ಲಿ ಕನ್ನಡ ಕೇಳುತ್ತಿದ್ದಾರೆ. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮನೆಮಾತಿನ ಕಲಿಕೆಗೆ ಅನುಕೂಲ ಮಾಡಿಕೊಡಬೇಕೆಂದು ರಾಜ್ಯಗಳಿಗೆ ಹೇಳುತ್ತದೆ. ತಾಳವಾಡಿಗೆ ಕೇಳುವ ನ್ಯಾಯವನ್ನು ಉರಿಗಾಂಗೆ ಇಲ್ಲವೆನ್ನಲಾಗದು.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. 120 ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಕೊಟ್ಟ ನೆಲದ ಮೇಲೆ ಈಗ ಉಳಿದಿರುವುದು 13 ದಿಬ್ಬಗಳಲ್ಲಿ ರಾಶಿ ಬಿದ್ದ ಸುಮಾರು 3.3 ಕೋಟಿ ಟನ್ ಪುಡಿ. ಊರಿನವರು ಅದನ್ನು ಸೈನೈಡ್ ದಿಬ್ಬ ಎನ್ನುತ್ತಾರೆ. ಬೇಸಿಗೆಯ ಗಾಳಿಗೆ ಅದರ ದೂಳು ಮನೆಗಳಿಗೆ ನುಗ್ಗುತ್ತದೆ. ಆ ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಯೋಜನೆಗೆ ರಾಜ್ಯ ಸಂಪುಟ 2024ರಲ್ಲಿ ಒಪ್ಪಿಗೆ ಕೊಟ್ಟಿದೆ. ಕೆಲಸ ಕಳೆದುಕೊಂಡವರ ಮಕ್ಕಳು ನಸುಕಿನಲ್ಲೇ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಅಲ್ಲಿ ಅವರಿಗೆ ಕನ್ನಡ ಬೇಕು, ಅವರು ಕಲಿತೂ ಇದ್ದಾರೆ.

2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯ ಪ್ರಕಾರ ರಾಜ್ಯದ ಎಲ್ಲ ಶಾಲೆಗಳಲ್ಲೂ ಕನ್ನಡ ಕಲಿಸಬೇಕು. ಕೆಜಿಎಫ್‌ನಲ್ಲಿ ಕನ್ನಡ ಕಲಿಸುವ ಮೇಷ್ಟ್ರುಗಳಲ್ಲಿ, ಪಠ್ಯ ಬರೆಯುವವರಲ್ಲಿ ನನ್ನ ಕೋರಿಕೆ ಇಷ್ಟೇ: ಆ ಮಕ್ಕಳಿಗೆ ಕನ್ನಡವನ್ನು ಪರಭಾಷೆಯೆಂದು ಕಲಿಸಬೇಡಿ. ವಾಯ್ ಬಾಯಿಯಾದದ್ದನ್ನು, ವೇರ್ ಬೇರಾದದ್ದನ್ನು ಮೊದಲ ವಾರವೇ ತೋರಿಸಿ. ಅವರ ಊರಿನ ಹೆಸರಿನಲ್ಲೇ ಇರುವ ವಯಲ್ ಎಂಬ ಪದ ಅಲ್ಲಮನ ಬಯಲೂ ಹೌದೆಂದು ಹೇಳಿಕೊಡಿ. ಕನ್ನಡ ಮಕ್ಕಳ ಪುಸ್ತಕದಲ್ಲಿ ಚಿನ್ನದ ಗಣಿಯ ಪಾಠ ಬಂದಾಗ ತಂಗವಯಲ್ ಎಂಬ ಹೆಸರನ್ನೂ ಪಕ್ಕದಲ್ಲೇ ಅಚ್ಚು ಹಾಕಿಸಿ.