ಗೋವೆಯನ್ನು ಬಿಟ್ಟವರು ಊರನ್ನು ಆಯ್ದ ಬಗೆ

ಅರಸನು ರಾಜಧಾನಿಯನ್ನು ಬದಲಿಸಿದರೆ ಅದಕ್ಕೊಂದು ಶಾಸನ ಹುಟ್ಟುತ್ತದೆ; ಗೃಹಸ್ಥನು ಹೆಂಡಿರು ಮಕ್ಕಳೊಡನೆ ದೋಣಿಯೇರಿ ಹೊರಟರೆ ಅದಕ್ಕೆ ಬರೆಹವಿಲ್ಲ. ಹುಟ್ಟೂರನ್ನು ಬಿಡಬೇಕಾಗಿ ಬಂದ ಮನೆಯೊಂದು ಮುಂದಿನ ಊರನ್ನು ಯಾವ ಎಣಿಕೆಯಿಂದ ಆರಿಸಿಕೊಂಡಿತೆಂಬುದನ್ನು ಚರಿತ್ರಕಾರರು ಕೇಳುವುದೇ ವಿರಳ. ಆದರೂ ನಮ್ಮ ಕರಾವಳಿಯಲ್ಲಿ ಅಂತಹ ಆಯ್ಕೆಯ ಗುರುತುಗಳು ದೇವಾಲಯಗಳಲ್ಲಿಯೂ ಪೇಟೆಗಳಲ್ಲಿಯೂ ಮನೆಮಾತಿನಲ್ಲಿಯೂ ಉಳಿದುಬಂದಿವೆ. ಹದಿನಾರನೆಯ ಶತಮಾನದಲ್ಲಿ ಗೋವೆಯಿಂದ ಹೊರಟ ಕೊಂಕಣಿಗರ ಮಾತು ಇದು. ಅವರ ಸಂತತಿಯವರು ಮಂಜೇಶ್ವರ ಕಾಸರಗೋಡುಗಳಲ್ಲಿ ನಮ್ಮ ನೆರೆಯವರೇ ಆಗಿರುವುದರಿಂದ ನಮಗೆ ಇದು ದೂರದ ಕಥೆಯಲ್ಲ.

ಪೋರ್ತುಗೀಸರು ಗೋವೆಯ ಪಟ್ಟಣವನ್ನು 1510ರಲ್ಲಿ ಗೆದ್ದರು. ಬಾರ್ದೇಶ, ಸಾಷ್ಟಿಗಳು 1543ರಲ್ಲಿ ಬಿಜಾಪುರದ ಕೈತಪ್ಪಿ ಅವರ ಪಾಲಾದವು. 1540ರ ಸುಮಾರಿಗೆ ದ್ವೀಪದ ದೇವಾಲಯಗಳು ಕೆಡವಲ್ಪಟ್ಟು ಅವುಗಳ ಭೂಮಿಯ ಉತ್ಪತ್ತಿ ಇಗರ್ಜಿಗಳಿಗೆ ಸಂದಿತು. ಆದರೆ ದೇವಾಲಯ ಬಿದ್ದ ಕೂಡಲೇ ಎಲ್ಲರೂ ಹೊರಟರೆಂದು ತಿಳಿಯಬಾರದು. ಗದ್ದೆ, ತೆಂಗಿನ ತೋಟ, ಗ್ರಾಮಸಂಸ್ಥೆಯಲ್ಲಿ ತಲೆತಲಾಂತರದ ಪಾಲು, ಇವುಗಳನ್ನು ಬಿಟ್ಟುಹೋಗುವುದು ಸುಲಭವಲ್ಲ. ನಮ್ಮ ಅಭಿಪ್ರಾಯದಲ್ಲಿ ಮನೆಗಳನ್ನು ಬೇರುಸಹಿತ ಅಲುಗಿಸಿದುದು 1559ರ ಒಂದು ಕಟ್ಟಳೆ. ತಂದೆ ತೀರಿಹೋದ ಎಳೆಯ ಮಕ್ಕಳನ್ನು ಅನಾಥರೆಂದೆಣಿಸಿ, ಹಿಡಿದು ತಂದು, ಕ್ರೈಸ್ತರನ್ನಾಗಿ ಬೆಳೆಸತಕ್ಕುದೆಂದು ಅದರ ತಾತ್ಪರ್ಯ. ತಾಯಿ ಬದುಕಿದ್ದರೂ ಮಗು ಅನಾಥವೆನಿಸಿಕೊಂಡಿತು! ಯಜಮಾನನು ಹಾಸಿಗೆ ಹಿಡಿದ ಯಾವ ಮನೆಯಲ್ಲಿ ತಾನೆ ಆ ಮೇಲೆ ನಿದ್ದೆ ಬಂದೀತು? 1560ರಲ್ಲಿ ಧರ್ಮವಿಚಾರಣೆಯ ನ್ಯಾಯಾಸನವೂ ಸ್ಥಾಪಿತವಾಯಿತು. ಅದೇ ವರುಷ ವೈಸರಾಯನು ಬ್ರಾಹ್ಮಣರಲ್ಲಿ ಹಲವರನ್ನು ದ್ವೀಪದಿಂದ ಹೊರಹೋಗುವಂತೆ ಆಜ್ಞಾಪಿಸಿದನು. 1567ರಲ್ಲಿ ಸಾಷ್ಟಿಯ ಗುಡಿಗಳೂ ಬಿದ್ದವು.

ಹೋಗುವುದೆಲ್ಲಿಗೆ? ಅತಿ ಹತ್ತಿರದ ಉತ್ತರವೆಂದರೆ ಹೊಳೆಯಾಚೆಯ ಅಂತ್ರುಜ, ಎಂದರೆ ಫೋಂಡೆಯ ಸೀಮೆ. ಅದು ಆಗ ಬಿಜಾಪುರದ ಆದಿಲಶಾಹಿಗೆ ಸೇರಿತ್ತು. ಕುಶಸ್ಥಳಿಯ ಮಂಗೇಶನನ್ನು 1560ರಲ್ಲಿ ಜುವಾರಿ ನದಿಯನ್ನು ದಾಟಿಸಿ ಪ್ರಿಯೋಳಕ್ಕೆ ಒಯ್ದರು. ಕೆಳಶಿಯ ಶಾಂತಾದುರ್ಗೆ ಕವಳೆಗೂ ವೆರ್ಣೆಯ ಮಹಾಲಸೆ ಮಾರ್ದೋಳಕ್ಕೂ ಹೋದರು. ಮುಸಲ್ಮಾನ ಸುಲ್ತಾನನ ನೆಲದಲ್ಲಿ ಹಿಂದೂ ದೇವತೆಗಳು ಅಭಯ ಪಡೆದುದನ್ನು ವಾಚಕರು ಗಮನಿಸಬೇಕು. ದೇವರಿಗೆ ಒಂದು ಹೊಳೆಯ ಅಂತರ ಸಾಕಾಯಿತು. ಆದರೆ ಓಡಿಬಂದ ಎಲ್ಲ ಮನೆಗಳಿಗೂ ಅನ್ನ ಕೊಡುವಷ್ಟು ನೆಲವೂ ವ್ಯಾಪಾರವೂ ಆ ಸಣ್ಣ ಸೀಮೆಯಲ್ಲಿರಲಿಲ್ಲ. ಹೀಗಾಗಿ ದೇವರನ್ನು ಅಲ್ಲಿರಿಸಿ, ಒಕ್ಕಲು ಮುಂದೆ ನಡೆಯಿತು.

ತೆಂಕಣಕ್ಕೆ ಹೊರಟವರು ಹೊನ್ನಾವರ, ಭಟ್ಕಳ, ಬಸರೂರು, ಮಂಗಳೂರು, ಮಂಜೇಶ್ವರಗಳಲ್ಲಿಯೂ, ಇನ್ನೂ ಮುಂದೆ ಕೊಚ್ಚಿಯಲ್ಲಿಯೂ ನೆಲಸಿದರು. ಇವುಗಳಲ್ಲಿ ಕೆಲವೂರುಗಳಿಗೆ ಕೊಂಕಣಿ ವರ್ತಕರು ಮೊದಲೇ ಬಂದುಹೋಗುತ್ತಿದ್ದರು. ಪರಿಚಿತನೊಬ್ಬನ ಜಗಲಿ ಇದ್ದೆಡೆಗೆ ನೆಂಟರಿಷ್ಟರು ಬರುವುದು ಲೋಕರೂಢಿಯೇ ಸರಿ. ಇಷ್ಟರಿಂದಲೇ ವಿಷಯ ಮುಗಿಯುವುದಿಲ್ಲ. ಈ ಊರುಗಳ ಪಟ್ಟಿಯನ್ನು ನೋಡಿದರೆ ಒಂದು ಸೋಜಿಗ ಕಾಣುತ್ತದೆ. ಪೋರ್ತುಗೀಸರಿಂದ ಓಡಿದವರು ಪೋರ್ತುಗೀಸರ ಹಡಗು ಬಾರದ ಒಳನಾಡನ್ನೇಕೆ ಹುಡುಕಲಿಲ್ಲ? ಕೊಚ್ಚಿಯಲ್ಲಿ 1503ರಿಂದಲೇ ಅವರ ಕೋಟೆಯಿತ್ತು. 1568-69ರಲ್ಲಿ ಮಂಗಳೂರು, ಹೊನ್ನಾವರ, ಬಸರೂರುಗಳಲ್ಲಿಯೂ ಅವರು ಕೋಟೆ ಹಿಡಿದು ಕುಳಿತರು. ಓಡಿಬಂದವರ ಬೆನ್ನ ಹಿಂದೆಯೇ ಆ ಪತಾಕೆ ಬಂತೆಂದರೂ ಸಲ್ಲುತ್ತದೆ.

ಇದಕ್ಕೆ ನಮಗೆ ತೋರುವ ಸಮಾಧಾನವಿಷ್ಟು: ಅವರು ಹುಡುಕಿದುದು ಪೋರ್ತುಗೀಸರಿಲ್ಲದ ಊರನ್ನಲ್ಲ, ಪೋರ್ತುಗೀಸರಿಗೆ ‘ಕೂಡದು’ ಎನ್ನಬಲ್ಲ ಮತ್ತೊಬ್ಬ ಒಡೆಯನಿದ್ದ ಊರನ್ನು. ಗೋವೆಯಲ್ಲಿ ಕೋಟೆಯೂ ಅವರದೇ, ಹಳ್ಳಿಯೂ ಅವರದೇ. ಕನ್ನಡ ಕರಾವಳಿಯಲ್ಲಾದರೋ ಕೋಟೆಯ ಗೋಡೆಯ ಹೊರಗೆ ದೇಶ ನಾಡರಸರದು; ಮುಂದೆ ಕೆಳದಿಯ ನಾಯಕರದು. ಕೊಚ್ಚಿಯಲ್ಲಿ ಕೋಟೆಯ ಹೊರಗಣ ಮಟ್ಟಾಂಚೇರಿ ರಾಜನದು. ಅಲ್ಲಿ 1599ರಲ್ಲಿ ತಿರುಮಲ ದೇವರ ಪ್ರತಿಷ್ಠೆಯಾಯಿತು. ಎರಡನೆಯ ಕಾರಣ ಅಕ್ಕಿ. ಗೋವೆಯ ಪಟ್ಟಣವು ಕನ್ನಡ ಕರಾವಳಿಯ ಅಕ್ಕಿಯನ್ನು ಉಂಡು ಬಾಳುತ್ತಿತ್ತು. ಆ ಅಕ್ಕಿಯನ್ನು ಬಸರೂರಿನಲ್ಲಿ ಮಾರುತ್ತಿದ್ದ ಸೆಟ್ಟಿಗಳಲ್ಲಿ ಸಾರಸ್ವತರೂ ಇದ್ದರು. ತನ್ನನ್ನು ಹೊರದೂಡಿದವನಿಗೆ ಅಕ್ಕಿ ಮಾರುವುದನ್ನು ಹಗುರವಾದ ನಡತೆಯೆಂದು ಕೆಲವರು ಎಣಿಸಿಯಾರು, ನಾವು ಹಾಗೆಣಿಸುವುದಿಲ್ಲ. ಹಸಿದವನು ಅಂಗಡಿಯವನ ಕುಲವನ್ನು ಕೆಣಕಲಾರನೆಂಬ ಲೆಕ್ಕ ಅವರಿಗೆ ಗೊತ್ತಿದ್ದಿರಬೇಕು.

ಆದರೂ ಆರಿಸಿದ ಊರು ಆರಿಸಿದಂತೆಯೇ ಉಳಿಯಲಿಲ್ಲ. 1652ರಿಂದ ಎರಡು ಮೂರು ವರುಷಗಳಲ್ಲಿ ಶಿವಪ್ಪನಾಯಕನು ಕರಾವಳಿಯ ಕೋಟೆಗಳಿಂದ ಪೋರ್ತುಗೀಸರನ್ನು ಕಿತ್ತನು. 1665ರಲ್ಲಿ ಶಿವಾಜಿಯ ಹಡಗುಗಳು ಬಂದು ಬಸರೂರನ್ನು ಸೂರೆಮಾಡಿದವು. ಕೊಚ್ಚಿಯು 1663ರಲ್ಲಿ ಡಚ್ಚರ ವಶವಾಯಿತು. ಅವರ ಕಾಲದಲ್ಲಿ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟರೆಂಬ ಮೂವರು ಕೊಂಕಣಿ ವೈದ್ಯರು ‘ಹೋರ್ತುಸ್ ಮಲಬಾರಿಕುಸ್’ ಎಂಬ ಸಸ್ಯಗ್ರಂಥಕ್ಕೆ ನೆರವಾದರು; ಅವರ ಸಾಕ್ಷಿಪತ್ರ ಆ ಗ್ರಂಥದಲ್ಲಿಯೇ ಅಚ್ಚಾಗಿದೆ. ಇಷ್ಟು ಮನ್ನಣೆ ದೊರೆತ ಊರಿನಿಂದಲೇ 1791ರಲ್ಲಿ, ಶಕ್ತನ್ ತಂಬುರಾನನೊಡನೆ ವಿರಸ ಬೆಳೆದು, ದೇವರ ಮೂರ್ತಿಯನ್ನೆತ್ತಿಕೊಂಡು ತಿರುವಾಂಕೂರಿನ ನೆಲಕ್ಕೆ ಹೋಗಬೇಕಾಯಿತು. ಎರಡು ಶತಮಾನಗಳ ಹಿಂದೆ ಅಜ್ಜಂದಿರು ಕೇಳಿದ್ದ ಪ್ರಶ್ನೆಯನ್ನೇ ಮರಿಮಕ್ಕಳೂ ಕೇಳಬೇಕಾಗಿ ಬಂತು.

ಗೋವೆಯ ಕ್ರೈಸ್ತರೂ ಇದೇ ಹಾದಿ ಹಿಡಿದರೆಂಬುದನ್ನು ಮರೆಯಲಾಗದು. ಧರ್ಮವಿಚಾರಣೆಯ ಭಯ ಮತಾಂತರಗೊಂಡವರನ್ನೂ ಬಿಡಲಿಲ್ಲ. ಕ್ಷಾಮವೂ ಮರಾಠರ ದಾಳಿಗಳೂ ಅದರೊಡನೆ ಕೂಡಿದವು. ಅವರೂ ಕನ್ನಡ ಕರಾವಳಿಯಲ್ಲಿ ನೆಲಸಿ, ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಬರೆಯಲು ಕಲಿತರು. 1784ರಲ್ಲಿ ಟಿಪ್ಪುವು ಅವರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಒಯ್ಯಿಸಿದನು.

ಊರನ್ನು ಆರಿಸಿದವರು ತಿಳಿದೋ ತಿಳಿಯದೆಯೋ ಮಕ್ಕಳ ಅಕ್ಷರವನ್ನೂ ಆರಿಸಿದರು. ಒಂದೇ ಗ್ರಾಮದಿಂದ ಹೊರಟ ಬಂಧುಗಳಲ್ಲಿ ಫೋಂಡೆಯಲ್ಲಿ ನಿಂತವರು ಮರಾಠಿಯನ್ನೂ, ಕೊಚ್ಚಿಗೆ ಹೋದವರು ಮಲಯಾಳವನ್ನೂ, ನಡುವೆ ಇಳಿದವರು ಕನ್ನಡವನ್ನೂ ಓದಿದರು. ಒಲೆಯ ಬಳಿ ಮಾತ್ರ ಎಲ್ಲರದೂ ಕೊಂಕಣಿಯೇ. ಆ ನಡುದಾರಿಯ ಆಯ್ಕೆಯಿಂದ ಕನ್ನಡಕ್ಕೆ ಬಂದ ಲಾಭವನ್ನು ಹೇಳಲು ಮಂಜೇಶ್ವರದ ಗೋವಿಂದ ಪೈಗಳ ಹೆಸರೊಂದೇ ಸಾಕು. ಮನೆಯಲ್ಲಿ ಕೊಂಕಣಿಯಾಡಿದ ಆ ಕವಿ ಯೇಸುವಿನ ಅಂತ್ಯದಿನವನ್ನು ಕುರಿತು ‘ಗೊಲ್ಗೊಥಾ’ ಬರೆದುದು ಕನ್ನಡದಲ್ಲಿ. 1956ರಲ್ಲಿ ಮಂಜೇಶ್ವರ ಕೇರಳಕ್ಕೆ ಸೇರಿತು. ಈ ಸಲ ಮನೆಗಳು ಕದಲಲಿಲ್ಲ, ಗಡಿಯೇ ಅವುಗಳನ್ನು ದಾಟಿಹೋಯಿತು.

ಹೊಳೆಯಾಚೆ ಇರಿಸಿದ್ದ ದೇವರ ಮಾತು ಉಳಿಯಿತು. ಫೋಂಡೆಯ ಸೀಮೆ ಕೈಯಿಂದ ಕೈಗೆ ಸಾಗಿ ಸೋದೆಯ ಅರಸರಿಗೆ ಬಂದಿತ್ತು. 1763ರಲ್ಲಿ ಹೈದರನು ಸೋದೆಯನ್ನು ಗೆಲ್ಲಲು ಆ ಅರಸನು ಆಶ್ರಯ ಬೇಡಿ ಹೋದುದು ಬೇರೆಲ್ಲಿಗೂ ಅಲ್ಲ, ಗೋವೆಯ ಪೋರ್ತುಗೀಸರಲ್ಲಿಗೆ! ಅದರೊಡನೆ ಫೋಂಡೆಯೂ ಅವರದಾಯಿತು. ಅಷ್ಟು ಹೊತ್ತಿಗೆ ಗುಡಿ ಕೆಡಹುವ ಕಾಲ ಕಳೆದಿದ್ದುದರಿಂದ ಮಂಗೇಶನೂ ಶಾಂತಾದುರ್ಗೆಯೂ ಇದ್ದಲ್ಲಿಯೇ ಉಳಿದರು. ಆದರೆ ಮಂಗಳೂರಿನ, ಮಂಜೇಶ್ವರದ ಒಕ್ಕಲು ತನ್ನ ಕುಲದೇವರಿಗೆ ಕಾಣಿಕೆ ಒಪ್ಪಿಸಬೇಕಾದರೆ 1961ರ ಡಿಸೆಂಬರದವರೆಗೂ ಪೋರ್ತುಗೀಸರ ಸುಂಕದ ಕಟ್ಟೆಯನ್ನು ದಾಟಿಯೇ ಹೋಗಬೇಕಾಗಿತ್ತು.