ನೀರು ಕಾಯುವ ಬಾಗಿಲು

ಕವಾಟವೆಂದರೆ ಬಾಗಿಲು. ನಮ್ಮ ಹಳೆಯ ಕಾವ್ಯಗಳಲ್ಲಿ ಕೋಟೆಗೂ ಗುಡಿಗೂ ಕವಾಟಗಳಿವೆ. ವೈದ್ಯರ ಮಾತಿನಲ್ಲಿ ಅದು ಹೃದಯದೊಳಕ್ಕೆ ಬಂದಿತು. ವಿಜ್ಞಾನದ ಪಠ್ಯಪುಸ್ತಕಗಳು ಅದನ್ನು ಪಂಪಿಗೂ ಇಟ್ಟವು. ಇಂಗ್ಲಿಷಿನ ‘ವಾಲ್ವ್’ ಎಂಬುದರ ಮೂಲವಾದ ಲ್ಯಾಟಿನ್ ಶಬ್ದಕ್ಕೂ ಮಡಿಸುವ ಬಾಗಿಲಿನ ಒಂದು ರೆಕ್ಕೆ ಎಂದೇ ಅರ್ಥ. ನಮ್ಮ ಪಾರಿಭಾಷಿಕ ಪದವನ್ನು ಆರಿಸಿದವರು ಈ ಸಂಗತಿಯನ್ನು ಬಲ್ಲವರೇ ಇದ್ದಿರಬೇಕು.

ಈ ಬಾಗಿಲಿನ ಧರ್ಮವೆಂದರೆ ಒಂದೇ ಕಡೆಗೆ ತೆರೆಯುವುದು. ಕಮ್ಮಾರನ ತಿದಿಯಲ್ಲಿ ಒಂದು ತೊಗಲಿನ ತುಂಡು ಒಳಕ್ಕೆ ಗಾಳಿಯನ್ನು ಬಿಡುತ್ತದೆ, ಹೊರಕ್ಕೆ ಬಿಡುವುದಿಲ್ಲ. ನೀರೆತ್ತುವ ಪಂಪಿನಲ್ಲಿ ಇಂತಹ ಬಾಗಿಲುಗಳು ಎರಡು: ಒಂದು ತಳದಲ್ಲಿ, ಇನ್ನೊಂದು ಮೇಲೆ ಕೆಳಗೆ ಆಡುವ ಕೊಂತದಲ್ಲಿ. ಕೊಂತ ಮೇಲೇರಿದಾಗ ತಳದ ಬಾಗಿಲು ತೆರೆದು ನೀರು ಒಳಬರುತ್ತದೆ. ಇಳಿದಾಗ ಅದು ಮುಚ್ಚಿ ಕೊಂತದ ಬಾಗಿಲು ತೆರೆಯುತ್ತದೆ. ಕೊಂತದ ಸುತ್ತ ನೀರು ಸೋರದಂತೆ ತಡೆಯಲು ಬಟ್ಟಲಿನಾಕಾರದ ಒಂದು ಬಿಲ್ಲೆ. ಇದೇ ಮೆಕ್ಯಾನಿಕರು ಹೇಳುವ ವಾಷರು. 1556ರಲ್ಲಿ ಪ್ರಕಟವಾದ ಅಗ್ರಿಕೋಲನ ಗಣಿಶಾಸ್ತ್ರದ ಲ್ಯಾಟಿನ್ ಗ್ರಂಥದಲ್ಲಿ ಗಣಿಯ ನೀರನ್ನು ಎತ್ತುವ ಪಂಪುಗಳ ಚಿತ್ರಗಳಿವೆ. ಅವುಗಳಲ್ಲಿಯೂ ಕೆಲಸ ಮಾಡುತ್ತಿದ್ದುದು ಚರ್ಮವೇ. ನೆನೆದರೆ ಉಬ್ಬಿ ಸಂದುಗಳನ್ನು ಮುಚ್ಚುವ, ಬಾಗಿದರೂ ಮುರಿಯದ ವಸ್ತು ಬೇರೆ ಯಾವುದಿತ್ತು? ಅದರ ಶತ್ರು ಮರಳು. ನೀರಿನೊಡನೆ ಬಂದ ಒಂದೊಂದು ಕಣವೂ ಅದನ್ನು ಉಜ್ಜಿ ಸವೆಯಿಸುತ್ತದೆ. ಸವೆದ ದಿನ ಯಾರಾದರೂ ಅದರ ಬಳಿಗೆ ಹೋಗಲೇಬೇಕು. ಗಣಿಯಲ್ಲಿ ಮನುಷ್ಯ ಇಳಿದು ಹೋಗಬಲ್ಲ. ಗೇಣಗಲವೂ ಇಲ್ಲದ ಕೊಳವೆ ಬಾವಿಯಲ್ಲಿ ಇಳಿಯುವವರು ಯಾರು?

ಈ ಪ್ರಶ್ನೆ ನಮ್ಮ ದೇಶದಲ್ಲಿ ತೀಕ್ಷ್ಣವಾದದ್ದು 1966-67ರ ಬಿಹಾರದ ಬರಗಾಲದ ಅನಂತರ. ಯುನಿಸೆಫ್ ಸಂಸ್ಥೆಯ ನೆರವಿನಿಂದ ಬಂದ ಯಂತ್ರಗಳು ದಕ್ಷಿಣದ ಗಟ್ಟಿ ಬಂಡೆಯನ್ನೂ ಕೊರೆದವು. ಹಳ್ಳಿಗಳಲ್ಲಿ ‘ಬೋರಿಂಗು’ ಎಂಬ ಹೊಸ ಮಾತು ಹುಟ್ಟಿತು. ಬಾವಿಯೇನೋ ಹೊಸದು, ಅದರ ಮೇಲೆ ಕೂರಿಸಿದ ಎರಕದ ಕಬ್ಬಿಣದ ಪಂಪು ಯೂರೋಪು, ಅಮೆರಿಕಗಳ ಒಂದು ಒಕ್ಕಲು ಮನೆಗೆ ಸಾಕಾಗುವಂಥದರ ನಕಲು. ಒಂದು ಸಂಸಾರದ ಪಂಪಿಗೆ ಒಂದು ಊರೇ ಕೈಹಾಕಿತು. 1970ರ ದಶಕದ ನಡುವೆ ಲೆಕ್ಕ ನೋಡಿದಾಗ, ಅವುಗಳಲ್ಲಿ ಸುಮಾರು ಮುಕ್ಕಾಲು ಪಾಲು ಕೆಟ್ಟು ನಿಂತಿದ್ದವು. ಕೋಟಿಗಟ್ಟಲೆ ಖರ್ಚಿನ ಕಾರ್ಯಕ್ರಮವೇ ನಿಂತುಹೋಗುವ ಹಾಗಿತ್ತು. ಹೆಂಗಸರು ಕೊಡ ಹೊತ್ತು ಮತ್ತೆ ಹಳೆಯ ಕೆರೆಯ, ಹಳ್ಳದ ದಾರಿ ಹಿಡಿದರು.

ಪರಿಹಾರ ದೊರೆತದ್ದು ದೊಡ್ಡ ಪ್ರಯೋಗಶಾಲೆಯಲ್ಲಲ್ಲ, ನಮ್ಮ ಗಡಿಯಾಚೆಯ ಸೊಲ್ಲಾಪುರದಲ್ಲಿ. ಅಲ್ಲಿ ಬಾವಿಗಳ ಕೆಲಸ ಮಾಡುತ್ತಿದ್ದವರು ಉಕ್ಕಿನ ಗಟ್ಟಿಯಾದ ತಲೆಯನ್ನು ರೂಪಿಸಿ, ಹಿಡಿಕೆಗೂ ಸರಳಿಗೂ ನಡುವೆ ಒಂದು ಸರಪಳಿಯನ್ನು ಕೊಟ್ಟಿದ್ದರು. ಅದನ್ನೇ ತಿದ್ದಿ ‘ಇಂಡಿಯಾ ಮಾರ್ಕ್ ಎರಡು’ ಎಂಬ ಪಂಪು ಸಿದ್ಧವಾಯಿತು. ಕೊಯಮತ್ತೂರಿನ ಸುತ್ತಮುತ್ತ ಪರೀಕ್ಷೆ ನಡೆಯಿತು. ಮದರಾಸಿನ ರಿಚರ್ಡ್‌ಸನ್ ಅಂಡ್ ಕ್ರುಡಾಸ್ ಕಾರ್ಖಾನೆ ತಯಾರಿಕೆಗೆ ತೊಡಗಿತು. 1979ರಲ್ಲಿ ಭಾರತೀಯ ಮಾನಕವೂ ಬಂದಿತು. ನಿಮಿಷಕ್ಕೆ 40 ಸಲ ಒತ್ತಿದರೆ ಸುಮಾರು 12 ಲೀಟರು ನೀರು.

ಆದರೆ ಗಟ್ಟಿಯಾದದ್ದು ತಲೆ. ನೆಲದೊಳಗೆ ಅದೇ ಚರ್ಮದ ಬಟ್ಟಲು. ಕೊಂತ ಆಡುವ ಹಿತ್ತಾಳೆಯ ಕೊಳವೆಯ ಒಳವ್ಯಾಸ 63.5 ಮಿಲಿಮೀಟರು; ನೀರು ಮೇಲೇರುವ ಪೈಪಿನದು ಕೇವಲ 32. ಅಗಲವಾದ ಕೊಂತ ಕಿರಿದಾದ ಪೈಪಿನೊಳಗಿಂದ ಬರಲಾರದು. ಆದ್ದರಿಂದ ಬೆರಳಿನಲ್ಲಿ ಹಿಡಿಯುವಷ್ಟು ಚಿಕ್ಕ ವಾಷರನ್ನು ಬದಲಿಸಬೇಕಾದರೆ, 30 ಮೀಟರು ಆಳಕ್ಕೆ ಇಳಿಬಿಟ್ಟ ಹತ್ತೂ ಪೈಪುಗಳನ್ನು ಒಂದೊಂದಾಗಿ ಮೇಲೆತ್ತಿ ಕಳಚಬೇಕು. ಮುಕ್ಕಾಲಿ ಬೇಕು, ಹಿಡಿತದ ಸಾಧನ ಬೇಕು, ನಾಲ್ಕು ಆಳು ಬೇಕು, ಅವರನ್ನು ತರುವ ವಾಹನ ಬೇಕು. ವಾಹನ ಬರುವವರೆಗೆ ಊರು ಕಾಯಬೇಕು.

ಇಲ್ಲಿ ನನಗೆ ಕಪಿಲೆ ನೆನಪಾಗುತ್ತದೆ. ಅದರಲ್ಲಿಯೂ ನೀರನ್ನು ಎತ್ತುತ್ತಿದ್ದುದು ಚರ್ಮದ ಚೀಲವೇ. ಹರಿದರೆ ಊರಿನ ಚರ್ಮಕಾರನೇ ಹೊಲಿದುಕೊಡುತ್ತಿದ್ದ; ಸುಗ್ಗಿಯಲ್ಲಿ ಅವನಿಗೆ ಆಯ ಸಲ್ಲುತ್ತಿತ್ತು. ಆ ವ್ಯವಸ್ಥೆಯನ್ನು ನಾನು ಹೊಗಳುತ್ತಿಲ್ಲ. ಆ ಕುಶಲ ಕೈಗೆ ಊರು ಕೊಟ್ಟ ಸ್ಥಾನ ಎಂಥದೆಂಬುದು ನಮಗೆಲ್ಲ ಗೊತ್ತಿದೆ. ಅವನು ಹೊಲಿದ ಚೀಲದ ನೀರು ಶುದ್ಧ, ಅವನು ಮುಟ್ಟಿದ ನೀರು ಮೈಲಿಗೆ! ಆದರೂ ದುರಸ್ತಿ ಊರೊಳಗೇ ಇತ್ತು. ಪಂಪು ಬಂದಾಗ ಚರ್ಮ ಹಾಗೆಯೇ ಉಳಿಯಿತು, ಕೈ ತಾಲ್ಲೂಕಿನ ಕಛೇರಿಗೆ ಹೋಯಿತು.

1980ರ ದಶಕದಲ್ಲಿ, ವಿಶ್ವಸಂಸ್ಥೆ ಮತ್ತು ವಿಶ್ವಬ್ಯಾಂಕಿನ ಕೈಪಂಪು ಯೋಜನೆಯ ಅಂಗವಾಗಿ, ಕೊಯಮತ್ತೂರಿನಲ್ಲಿಯೇ ಎರಡನೆಯ ಸುತ್ತಿನ ಪರೀಕ್ಷೆಗಳು ನಡೆದವು. ಚರ್ಮದ ಬದಲು ನೈಟ್ರೈಲ್ ಎಂಬ ಕೃತಕ ರಬ್ಬರಿನ ಬಟ್ಟಲುಗಳು ಹೆಚ್ಚು ಕಾಲ ಬಾಳಿದವು. ಇದು ಸವೆತವನ್ನು ತಗ್ಗಿಸುವ ದಾರಿ. ನನ್ನ ಮಟ್ಟಿಗೆ ಇನ್ನೂ ದೊಡ್ಡದಾಗಿ ಕಾಣುವುದು ಎರಡನೆಯ ಹೆಜ್ಜೆ: ಪೈಪನ್ನೇ 65 ಮಿಲಿಮೀಟರಿಗೆ ಅಗಲಿಸಿದರು. ಈಗ ಪೈಪುಗಳನ್ನು ಅಲುಗಿಸದೆ ಸರಳನ್ನಷ್ಟೇ ಎಳೆದರೆ ಕೊಂತ ಮೇಲೆ ಬರುತ್ತದೆ. ತಳದ ಕವಾಟವನ್ನೂ ಕೊಂತಕ್ಕೆ ಸಿಕ್ಕಿಸಿಕೊಂಡು ಅದೇ ದಾರಿಯಲ್ಲಿ ಎತ್ತಿಬಿಡಬಹುದು. ಇದೇ ‘ಮಾರ್ಕ್ ಮೂರು’. ಬಾಗಿಲು ಸವೆಯುವುದನ್ನು ಪೂರ್ತಿಯಾಗಿ ತಪ್ಪಿಸಲಾಗದಿದ್ದರೆ ಅದರ ಬಳಿಗೆ ಹೋಗುವ ದಾರಿಯನ್ನಾದರೂ ಅಗಲ ಮಾಡಬಹುದಲ್ಲವೆ? ಅಗಲವಾದ ಪೈಪು ಭಾರ, ಬೆಲೆಯೂ ಹೆಚ್ಚು. ಹಳೆಯ ಪಂಪುಗಳು ಆಗಲೇ ಲಕ್ಷಗಟ್ಟಲೆ ನಿಂತುಬಿಟ್ಟಿದ್ದವು. ಹಾಗಾಗಿ ಹೊಸದು ಹಳೆಯದನ್ನು ಎಲ್ಲೆಡೆ ತೆಗೆದುಹಾಕಲಿಲ್ಲ.

ದುರಸ್ತಿಯ ಕೈ ಊರಿಗೆ ಮರಳಿದ ನಿದರ್ಶನಗಳೂ ಇವೆ. 1990ರ ದಶಕದ ಆರಂಭದಲ್ಲಿ ಉತ್ತರಪ್ರದೇಶದ ಬಾಂದಾ ಜಿಲ್ಲೆಯಲ್ಲಿ ಮಹಿಳಾ ಸಮಖ್ಯಾ ಕಾರ್ಯಕ್ರಮದವರು ಹಳ್ಳಿಯ ಹೆಂಗಸರಿಗೆ, ಅವರಲ್ಲಿಯೂ ಹೆಚ್ಚಾಗಿ ದಲಿತ ಸ್ತ್ರೀಯರಿಗೆ, ಕೈಪಂಪಿನ ಕೆಲಸವನ್ನು ಕಲಿಸಿದರು. ಓದು ಬಾರದವರು ಪಾನ ಹಿಡಿದು ಪಂಪು ಬಿಚ್ಚಿದರು. ನೀರು ಹೊರುವವರೇ ನೀರಿನ ಬಾಗಿಲನ್ನೂ ರಿಪೇರಿ ಮಾಡತೊಡಗಿದರು.

ಕೆಳಗಿನ ಕವಾಟ ಸೋರುತ್ತಿದೆಯೆ ಎಂದು ತಿಳಿಯಲು ಏನನ್ನೂ ಬಿಚ್ಚಬೇಕಾಗಿಲ್ಲ. ಪಂಪನ್ನು ಅರ್ಧ ಗಂಟೆ ಮುಟ್ಟದೆ ಬಿಟ್ಟು ಅನಂತರ ಒತ್ತಬೇಕು. ನಾಲ್ಕೈದು ಹೊಡೆತದೊಳಗೆ ನೀರು ಬಂದರೆ ಬಾಗಿಲು ಭದ್ರವಾಗಿದೆ. ಹತ್ತು ಹನ್ನೆರಡಾದರೂ ಬರಲಿಲ್ಲವೆಂದರೆ ಪೈಪಿನಲ್ಲಿ ನಿಂತಿದ್ದ ನೀರು ಬಾವಿಗೆ ಇಳಿದುಹೋಗಿದೆ ಎಂದರ್ಥ.