ಕೋಲಾರದ ಗಣಿ ಕಲಿಸಿದ ಪಾಠ

ಆಷಾಢದ ಮಳೆ ಹೆಂಚಿನ ಮಾಡಿಗೆ ಬಡಿಯುವಾಗ ಹೊಸನಗರದ ಮನೆಯೊಳಗೆ ಪಿಸುಮಾತು ಕೇಳಿಸುವುದುಂಟೆ? ಕಪ್ಪುದ್ರವ್ಯದ ಕಣಗಳನ್ನು ಅರಸುವವರ ತೊಡಕೂ ಇಂಥದೇ. ಕಾಣುವ ದ್ರವ್ಯದ ಸುಮಾರು 5 ಪಟ್ಟು ಕಾಣದ ದ್ರವ್ಯ ವಿಶ್ವದಲ್ಲಿರಬೇಕೆಂದು ವಿಜ್ಞಾನಿಗಳ ಲೆಕ್ಕ. ಆದರೆ ಆಕಾಶದಿಂದ ಸದಾ ಸುರಿಯುವ ವಿಶ್ವಕಿರಣಗಳ ಗದ್ದಲದಲ್ಲಿ ಅದರ ಸುಳಿವು ಮುಳುಗಿಹೋಗುತ್ತದೆ. ಆದ್ದರಿಂದ ಬಂಡೆಯ ಮರೆಗೆ ಇಳಿಯಬೇಕು.

ಹೀಗೆ ಇಳಿಯುವ ವಿದ್ಯೆ ನಮ್ಮ ದೇಶದಲ್ಲಿ ಬೆಳೆದದ್ದು ಕೋಲಾರದ ಚಿನ್ನದ ಗಣಿಯಲ್ಲಿ. 1951ರಲ್ಲಿ ಹೋಮಿ ಭಾಭಾ ಅವರ ಸೂಚನೆಯಂತೆ ನಂಜನಗೂಡಿನಲ್ಲಿ ಹುಟ್ಟಿದ ಬಿ. ವಿ. ಶ್ರೀಕಂಠನ್ ಅಲ್ಲಿ ವಿಶ್ವಕಿರಣಗಳನ್ನು ಅಳೆಯತೊಡಗಿದರು. ಆಳಕ್ಕಿಳಿದಂತೆ ಕಣಗಳು ವಿರಳವಾದವು. 1960ರ ದಶಕದ ಆರಂಭದಲ್ಲಿ, ಸುಮಾರು 2.7 ಕಿ.ಮೀ. ಆಳದಲ್ಲಿ, ಎರಡು ತಿಂಗಳು ಕಾದರೂ ಒಂದು ಕಣವೂ ದಾಖಲಾಗಲಿಲ್ಲ. ಆ ಮೌನವೇ ಲಾಭವಾಯಿತು. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳೊಡಗೂಡಿ, 2.3 ಕಿ.ಮೀ. ಆಳದಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಗುರುತು ಹಿಡಿದರು.

ಗಣಿ 2001ರಲ್ಲಿ ಮುಚ್ಚಿತು, ವಿದ್ಯೆ ಉಳಿಯಿತು. 2017ರಲ್ಲಿ ಜಾರ್ಖಂಡಿನ ಜಾದುಗುಡ ಗಣಿಯಲ್ಲಿ, 555 ಮೀಟರ್ ಆಳದಲ್ಲಿ, ಸಾಹಾ ಸಂಸ್ಥೆಯ ಪ್ರಯೋಗಾಲಯ ತೆರೆಯಿತು. ಅಲ್ಲಿ ಬಳಸಿದ ಶೋಧಕದಲ್ಲಿ, ಕುದಿಬಿಂದು ದಾಟಿಯೂ ಕುದಿಯದೆ ನಿಂತ ದ್ರವದ ಹನಿಗಳಿರುತ್ತವೆ. ಕಣವೊಂದು ಪರಮಾಣುವಿನ ಬೀಜಕ್ಕೆ ತಾಗಿದರೆ ಹನಿ ಗುಳ್ಳೆಯಾಗಿ ಸಿಡಿಯುತ್ತದೆ. ಆ ಸದ್ದನ್ನು ಧ್ವನಿಗ್ರಾಹಕ ಹಿಡಿಯುತ್ತದೆ.

ಕಪ್ಪುದ್ರವ್ಯದ ಕಣ ಇನ್ನೂ ಸಿಕ್ಕಿಲ್ಲ. ಆದರೆ ಏನೂ ದಾಖಲಾಗದ ಎರಡು ತಿಂಗಳು ವ್ಯರ್ಥವಲ್ಲವೆಂಬುದನ್ನು ಕೋಲಾರ ಆಗಲೇ ತೋರಿಸಿಕೊಟ್ಟಿದೆ.